ಕಿರುಚುವ ಪಾಠ

"ಹಾಗಲ್ಲ ಎಟ್ಟಿಯಮ್ಮ! ಹೊಟ್ಟೆಯೊಳಗಿಂದ ಬರ್ಬೇಕು ಕೂಗು!" ಎಂದು ಅಂಗನವಾಡಿಯ ಭಾನುಮತಿ ಟೀಚರ್ ಬೆಂಚಿನ ಮೇಲೆ ನಿಂತೇ ಗದರಿದರು. ಕೆಳಗೆ ಅಂಗಳದಲ್ಲಿ ಎಟ್ಟಿಯಮ್ಮ ಆಳುದ್ದದ ಕೇರೆ ಹಾವೊಂದನ್ನು ಹಿಡಿದುಕೊಂಡು ಪೆಚ್ಚಾಗಿ ನಿಂತಿದ್ದಳು.

"ಅಯ್ಯೋ, ಹಾವು," ಎಂದಳು ಮತ್ತೊಮ್ಮೆ. ಅನ್ನ ಬೆಂದಿದೆ ಎನ್ನುವ ದನಿಯಲ್ಲೇ ಬಂತು. ಈಗಷ್ಟೇ ವರ್ಷ ತುಂಬಿದ್ದ ಅವಳ ಮಗಳು ಪವುನು ಕೇಕೆ ಹಾಕಿ ನಕ್ಕು, ಹಾವಿನ ಹೊಟ್ಟೆಯನ್ನು ಪಟಪಟನೆ ತಟ್ಟಿದಳು.

ಚೆಂಗಲ್ಪಟ್ಟಿನ ಆಚೆ, ಹಾವು ಹಿಡಿಯುವ ಇರುಳರ ಆ ಕೇರಿಯಲ್ಲಿ ಒಲೆ ಉರಿಯುವುದೇ ಹಾವಿನಿಂದ. ಹಿಡಿದ ಹಾವನ್ನು, ಮದ್ದಿಗಾಗಿ ವಿಷ ತೆಗೆಯುವ ಸೊಸೈಟಿಗೆ ಕೊಡುವವರೆಗೆ ಬಟ್ಟೆಯ ಚೀಲದಲ್ಲಿ ಕಟ್ಟಿ ಮನೆಯ ಮೂಲೆಯಲ್ಲಿ ಇಟ್ಟಿರುತ್ತಾರೆ. ಹೋದ ವಾರ ಪವುನು ನಾಗರವಿದ್ದ ಚೀಲದ ಗಂಟನ್ನು ಹಲ್ಲಿನಿಂದ ಬಿಚ್ಚುತ್ತಾ ಕೂತಿದ್ದಳು. ಬಾಯಲ್ಲಿದ್ದದ್ದು ನಾಲ್ಕೇ ಹಲ್ಲು, ಪುಣ್ಯಕ್ಕೆ. ಅಂದಿನಿಂದ ಎಟ್ಟಿಯಮ್ಮನಿಗೆ ಒಂದೇ ಚಿಂತೆ: ಮಗಳಿಗೆ ಹಾವೆಂದರೆ ಹೆದರಿಕೆ ಬರಬೇಕು. ತನಗೇ ಇಲ್ಲದ್ದನ್ನು ಕಲಿಸುವುದು ಹೇಗೆಂದು ತಿಳಿಯದೆ, ಊರಿಗೆಲ್ಲ ಹೆಸರಾದ ಪುಕ್ಕಲು ಟೀಚರ ಬಳಿ ಪಾಠಕ್ಕೆ ಬಂದಿದ್ದಳು.

"ಟೀಚರಮ್ಮಾ, ಸುಮ್ನೆ ಗಂಟ್ಲು ಹರ್ಕೋಬೇಡಿ," ಎಂದ ಬೇವಿನ ನೆರಳಲ್ಲಿ ಎಲೆ ಜಗಿಯುತ್ತಿದ್ದ ಎಟ್ಟಿಯಮ್ಮನ ಮಾವ ಮಣ್ಣಾರು. "ಹೆದ್ರಿಕೆ ಹುಟ್ಟುವಾಗ್ಲೇ ಬರ್ಬೇಕು. ನಮ್ ಜನಕ್ಕೆ ಕನ್ನಿಯಮ್ಮ ತಾಯಿ ಅದನ್ನ ಕೊಟ್ಟೇ ಇಲ್ಲ."

"ಸುಳ್ಳು ತಾತ! ನಾನೇನು ಹುಟ್ತಾನೇ ಬೆಂಚು ಹತ್ತಿದ್ನಾ? ಜಿರಲೆ ಕಂಡ್ರೂ ನಮ್ಮಮ್ಮ ಊರು ಒಂದು ಮಾಡೋರು. ನೋಡಿ ನೋಡಿ ಕಲ್ತೆ."

"ನಿಮ್ಮಮ್ಮ ಯಾರನ್ನ ನೋಡಿ ಕಲ್ತ್ರು?"

"ಅವರಮ್ಮನ್ನ."

"ಅವರಮ್ಮ?"

"ಅದೆಲ್ಲ ಆಮೇಲೆ. ಮೊದ್ಲು ಆ ಹಾವನ್ನ ಒಳಗೆ ಹಾಕ್ಸಿ!"

ಎಟ್ಟಿಯಮ್ಮ ಕೇರೆಯನ್ನು ಚೀಲಕ್ಕೆ ತುಂಬಿ ಗಂಟು ಹಾಕುವಷ್ಟರಲ್ಲಿ ಪವುನು ಗೋಡೆ ಹಿಡಿದುಕೊಂಡು ಸೌದೆ ರಾಶಿಯ ಹತ್ತಿರ ಹೋಗಿದ್ದಳು. ಅಲ್ಲಿಂದ ಕುಕ್ಕರ್ ಆವಿ ಬಿಟ್ಟಂತೆ ಬುಸುಗುಟ್ಟುವ ಸದ್ದು ಬಂತು. ಸೌದೆಯ ಸಂದಿನಲ್ಲಿ ಕೊಳಕು ಮಂಡಲ ಸುರುಳಿ ಸುತ್ತಿ ತಲೆ ಎತ್ತಿತ್ತು. ಮಗುವಿನ ಕೈ ಅದರತ್ತ ಚಾಚಿತ್ತು. ನಡುವೆ ಮೂರು ಗೇಣು ಇತ್ತೋ ಇಲ್ಲವೋ.

ಭಾನುಮತಿ ಟೀಚರ್ ಹೆಂಚು ಹಾರುವಂತೆ ಕಿರುಚಿದರು. ವಾರದಿಂದ ಅದನ್ನೇ ಕೇಳುತ್ತಿದ್ದ ಪವುನು ತಿರುಗಿಯೂ ನೋಡಲಿಲ್ಲ. ಅಂಥ ಹಾವುಗಳನ್ನು ನೂರಾರು ಹಿಡಿದಿದ್ದ ಎಟ್ಟಿಯಮ್ಮನಿಗೆ ಅಂದು ಕಾಲೇ ಏಳಲಿಲ್ಲ. ಕಲಿತ ಕೂಗೂ ಬಾಯಿಗೆ ಬರಲಿಲ್ಲ.

ಅಮ್ಮ ಇನ್ನೂ ಯಾಕೆ "ಅಯ್ಯೋ ಹಾವು" ಎನ್ನಲಿಲ್ಲ ಎಂಬಂತೆ ಪವುನು ನಗುನಗುತ್ತಾ ಇತ್ತ ನೋಡಿದಳು. ಅಮ್ಮನ ಬಿಳಿಚಿದ ಮುಖ ಕಂಡದ್ದೇ ನಗು ಅರ್ಧಕ್ಕೆ ನಿಂತಿತು. ಚಾಚಿದ ಕೈ ಹಿಂದಕ್ಕೆ ಬಂತು. ಕೆಳತುಟಿ ಸೊಟ್ಟಗಾಯಿತು, ಕುಕ್ಕರಿಸಿ ಕೂತು ಒಂದೇ ಸಮನೆ ಅಳತೊಡಗಿದಳು. ಅಷ್ಟರಲ್ಲಿ ಮಣ್ಣಾರು ನಡುವೆ ಬಂದು ಮಂಡಲವನ್ನು ಕೋಲಿನಿಂದ ಒತ್ತಿ ಹಿಡಿದು, "ಚೀಲ ತಾರಮ್ಮ," ಎಂದ. ಎರಡು ಸಲ ಹೇಳಬೇಕಾಯಿತು.

"ಪಾಸು! ಮುಖ ಅಂದ್ರೆ ಅದು!" ಎಂದು ಟೀಚರ್ ಬೆಂಚಿನಿಂದ ಇಳಿದರು. "ಯಾರು ಕಲಿಸಿದ್ರೇ ನಿಂಗೆ?"

"ಯಾರೂ ಇಲ್ಲ ಟೀಚರಮ್ಮ," ಎಂದಳು ಎಟ್ಟಿಯಮ್ಮ, ಮಗಳನ್ನು ಎದೆಗೆ ಅವುಚಿಕೊಂಡು. ಅಂದು ಸಂಜೆ ಪವುನು ಚೀಲಗಳಿದ್ದ ಮೂಲೆಯನ್ನು ಬಳಸಿಕೊಂಡು ದೂರದಿಂದಲೇ ದಾಟಿದಳು. ಎಟ್ಟಿಯಮ್ಮನಿಗೆ ಹೋದ ಜೀವ ಬಂದಂತಾಯಿತು. ಇನ್ನು ಮಗಳು ಬದುಕಿಕೊಂಡಳು ಎಂದು ಕನ್ನಿಯಮ್ಮನಿಗೆ ಕರ್ಪೂರ ಹಚ್ಚಿದಳು.

ಮರುದಿನ ಬೆಳಿಗ್ಗೆ ಎಂದಿನಂತೆ ಮಾವ, ಸೊಸೆ ಕೆರೆಯ ಏರಿಗೆ ಹೋದರು. ಮಣ್ಣಾರು ಹಾರೆಯಿಂದ ಬಿಲದ ಬಾಯಿ ಬಿಡಿಸಿ ಪಕ್ಕಕ್ಕೆ ಸರಿದ. ಒಳಗೆ ತಡಕುವುದು ಯಾವಾಗಲೂ ಅವಳ ಕೈ. ಕೇರಿಯಲ್ಲೇ ಚುರುಕಾದ ಕೈ ಅದು. ಮಣಿಕಟ್ಟಿನ ತನಕ ಹೋಯಿತು. ಅಲ್ಲಿಂದ ಮುಂದೆ ಹೋಗಲಿಲ್ಲ.

"ಏನಮ್ಮಾ, ಇದೆಯಾ?"

"ಇಲ್ಲ ಮಾಮಾ, ಖಾಲಿ," ಎಂದು ಎಟ್ಟಿಯಮ್ಮ, ಬಿಲದ ಬಾಯಲ್ಲಿ ಒಳಕ್ಕೆ ಹೋಗಿದ್ದ ಹೊಸ ಹಾವಿನ ಜಾಡನ್ನು ಪಾದದಿಂದ ಮೆಲ್ಲಗೆ ಅಳಿಸಿದಳು.