ವಲಯದ ಗೆರೆ

ಎಬಿನೇಜರ ಸಂಚಾಲಕನಾಗಿದ್ದ ಪೂರ್ವ ವಲಯದ ಚರ್ಚುಗಳ ಬೇಸಿಗೆ ಸಮ್ಮೇಳನಕ್ಕೆ ಮುನ್ನೂರು ಜನ ಬಂದಿದ್ದರು. ಜಯವಂತ ಹತ್ತು ವರ್ಷದಿಂದ ಸಂಚಾಲಕನಾಗಿದ್ದ ಪಶ್ಚಿಮ ವಲಯದ ಸಮ್ಮೇಳನಕ್ಕೆ ಬಂದವರು ಅರವತ್ತು, ಅದರಲ್ಲೂ ಅರ್ಧ ಮಂದಿ ಕೊನೆಯ ದಿನದ ಬಿರಿಯಾನಿಗೆ. ಆವತ್ತಿನಿಂದ ಜಯವಂತನ ಹೊಟ್ಟೆಯಲ್ಲಿ ಬೆಂಕಿ.

ಎರಡೂ ವಲಯದ ಪ್ರತಿನಿಧಿಗಳು ಸೇರಿದ್ದ ಸಮಿತಿಯಲ್ಲಿ ಅವನು ನಕಾಶೆಯ ಮೇಲೆ ಬೆರಳಿಟ್ಟ.

"ಎಬಿನೇಜರಗ ಭಾರ ಭಾಳ ಆಗೇತ್ರಿ, ಅಯ್ಯನವರ. ಪ್ಯಾಟಿ ಚರ್ಚು ನಮ್ಮ ಕಡೆ ಹಾಕ್ರಿ."

ಮುನ್ನೂರರಲ್ಲಿ ಇನ್ನೂರು ಜನ ಪೇಟೆ ಚರ್ಚಿನವರೇ.

"ಏನಂತಿ ಎಬಿನೇಜರಾ?" ಎಂದರು ಸಮಿತಿಯ ಅಧ್ಯಕ್ಷರಾದ ಪಾದ್ರಿ ಅಯ್ಯನವರು.

"ಆಗಲಿ ಬಿಡ್ರಿ. ಜಯವಂತಣ್ಣಾರು ಹಿರೇರು, ಚೊಲೊ ನಡಸ್ತಾರ."

ಇಷ್ಟು ಸಲೀಸಾಗಿ ಬಿಟ್ಟುಕೊಟ್ಟನಲ್ಲ ಎಂದು ಜಯವಂತನಿಗೆ ಇನ್ನೂ ಉರಿಯಿತು. ಕೆಂಪು ಪೆನ್ನು ತೆಗೆದು ಪೇಟೆಯನ್ನು ಸುತ್ತುವರಿದು ಹೊಸ ಗೆರೆಯನ್ನು ತಾನೇ ಎಳೆದ.

ಅಯ್ಯನವರು ಪ್ರಾರ್ಥಿಸಿ, ಪಶ್ಚಿಮ ವಲಯದವರತ್ತ ತಿರುಗಿದರು.

"ಎಬಿನೇಜರ ಪ್ಯಾಟಿ ಚರ್ಚಿನಾಂವ. ಈಗ ಅವನೂ ನಿಮ್ಮ ವಲಯಕ್ಕ ಬಂದ. ವಲಯಕ್ಕ ಒಬ್ಬನ ಸಂಚಾಲಕ. ಇಬ್ಬರೊಳಗ ಯಾರು ಬೇಕು, ಕೈ ಎತ್ತಿ ಹೇಳ್ರಿ."

ಜಯವಂತನ ಹೆಸರಿಗೆ ಎದ್ದದ್ದು ಒಂದೇ ಕೈ, ಎಬಿನೇಜರನದು.