ನಯವಾದ ಭೂಮಿ

ಮೇಜು ಒರೆಸುತ್ತಿದ್ದ ಅಮ್ಮನ ಕೈ ಮಗಳು ಮಾಡಿಟ್ಟಿದ್ದ ಜೇಡಿಮಣ್ಣಿನ ಭೂಗೋಳದ ಬಳಿ ನಿಂತಿತು. ಅಯ್ಯೋ, ಮೈತುಂಬಾ ಬಿರುಕು! ಶಾಲೆಗೆ ಒಯ್ಯುವ ದಿನವೇ ಹೀಗಾಗಬೇಕೇ? ಹೆಬ್ಬೆರಳು ಒದ್ದೆ ಮಾಡಿಕೊಂಡು ಒಂದೊಂದನ್ನೇ ತೀಡಿ ನಯ ಮಾಡಿದಳು.

"ನೋಡೇ ಪುಟ್ಟಿ, ಈಗ ಹೊಸದರ ಹಾಗಾಯ್ತು!"

ಮಗಳು ನೋಡಿದಳು. "ಅವು ಬಿರುಕಲ್ಲಮ್ಮ, ಭೂಮಿ ಮೇಲ್ಪದರದ ಪ್ಲೇಟುಗಳ ಅಂಚು. ಭೂಮಿ ಸರಿಯೋದೇ ಅಲ್ಲಿ. ಎರಡು ದಿನ ಕೂತು ಸೂಜೀಲಿ ಗೀರಿದ್ದೆ."

ಅಮ್ಮ ಒರೆಸುವ ಬಟ್ಟೆ ಕೆಳಗಿಟ್ಟಳು. ಮೊನ್ನೆ ಮಗಳು ಬರೆದ ಓರೆ ಮನೆಯ ಚಿತ್ರವನ್ನೂ ಹೀಗೇ ನೆಟ್ಟಗೆ ಮಾಡಿದ್ದಳು. ಆಗ ಮಗಳು ಚಿತ್ರವನ್ನು ಅಲ್ಲೇ ಬಿಟ್ಟು ಎದ್ದು ಹೋಗಿದ್ದಳು.

"ಸೂಜಿ ಕೊಡು, ನಾನೇ ಗೀರಿಕೊಡ್ತೀನಿ," ಎಂದು ಅಮ್ಮ ಕೈ ಚಾಚಿದಳು.

ಮಗಳು ಗೋಳವನ್ನು ಎದೆಗವಚಿಕೊಂಡಳು. "ಮುಟ್ಟೋಕೆ ಮುಂಚೆ ಒಂದ್ಸಲನಾದ್ರೂ ನನ್ನನ್ನ ಯಾಕಮ್ಮ ಕೇಳಲ್ಲ?"