ಗೆರೆ ಬಿದ್ದ ‘ಆದರೆ’

ಪ್ರಕಾಶಕರ ಕೆಂಪು ಪೆನ್ನು ‘ಆದರೆ’ ಎಂಬ ಪದದ ಮೇಲೆ ಬಂದು ನಿಂತಿತು. ಪ್ರವಾದಿಯವರ ಕುರಿತು ಪಾಶ್ಚಾತ್ಯ ವಿದ್ವಾಂಸರೊಬ್ಬರು ಬರೆದ ಪುಸ್ತಕದ ಅನುವಾದ ಅದು. ‘ಅವರನ್ನು ಕ್ರೂರಿ ಎಂದು ಶತಮಾನಗಳಿಂದ ಬರೆಯುತ್ತ ಬಂದಿದ್ದೇವೆ, ಆದರೆ ಅದು ನಾವೇ ಕಟ್ಟಿದ ಸುಳ್ಳು’ ಎಂಬ ಸಾಲಿನ ಕೊನೆಯರ್ಧವನ್ನು ಪೆನ್ನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೊಡೆದುಹಾಕಿತು.

ಎದುರು ಕೂತಿದ್ದ ಅನುವಾದಕ ಮುಂದಕ್ಕೆ ಬಾಗಿದ. “ಸಾರ್, ಅವರು ಹೇಳೋಕೆ ಹೊರಟಿದ್ದೇ ಆ ಕೊನೇ ಮಾತನ್ನ.”

“ಪುಟ ಜಾಸ್ತಿ ಆಗ್ತಿದೆಯಪ್ಪ,” ಎನ್ನುತ್ತ ಪ್ರಕಾಶಕರು ಹಾಳೆ ತಿರುವಿದರು. ಅಲ್ಲಿದ್ದ ‘ಆದರೆ’ಗೂ ಗೆರೆ ಬಿತ್ತು.

ಮಗ ಪ್ರವಾದಿಯವರ ಪುಸ್ತಕ ಮಾಡುತ್ತಿದ್ದಾನೆಂದು ಮಸೀದಿಯಲ್ಲಿ ಎಲ್ಲರೆದುರು ಹಿಗ್ಗುತ್ತಿದ್ದ ಅಪ್ಪನ ಮುಖ ಅನುವಾದಕನ ಕಣ್ಣಮುಂದೆ ಬಂತು. “ಹಾಗಿದ್ರೆ ನನ್ನ ಹೆಸರು ತೆಗೆದುಬಿಡಿ ಸಾರ್. ಬೇರೆ ಯಾರದಾದ್ರೂ ಹಾಕ್ಕೊಳ್ಳಿ.”

ಪ್ರಕಾಶಕರು ಪೆನ್ನಿಗೆ ಕ್ಯಾಪು ಹಾಕಿ, ಅದಾಗಲೇ ಅಚ್ಚಾಗಿ ಬಂದಿದ್ದ ರಕ್ಷಾಪುಟವೊಂದನ್ನು ಡ್ರಾಯರಿನಿಂದ ತೆಗೆದು ಮುಂದಿಟ್ಟರು. ಅದರಲ್ಲಿ ವಿದ್ವಾಂಸರ ಹೆಸರಿಗಿಂತ ಅನುವಾದಕನ ಹೆಸರೇ ದೊಡ್ಡದಾಗಿತ್ತು.

“ಇದನ್ನ ಬೇರೆಯವರು ಹೇಳಿದ್ರೆ ಬೈಗುಳ ಅಂತಾರೆ, ನಿಮ್ಮವರೇ ಹೇಳಿದ್ರೆ ಜನ ನಂಬ್ತಾರೆ,” ಎಂದು ನಕ್ಕರು. “ಇಷ್ಟು ಜನ ಅನುವಾದಕರು ಇರೋವಾಗ ನಿನ್ನನ್ನೇ ಯಾಕೆ ಹುಡುಕ್ಕೊಂಡು ಬಂದೆ ಅನ್ಕೊಂಡೆ?”